ಅನ್ನಭೇದಿಯೂ ಮೈಲುತುತ್ತವೂ: ಕಬ್ಬಿಣ ತಾಮ್ರಗಳ ಗುಣಭೇದ ಮತ್ತು ಒಕ್ಕಲುತನದಲ್ಲಿ ಅವುಗಳ ಉಪಯೋಗ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕು ತಾಲೂಕುಗಳ ಒಕ್ಕಲಿಗರಿಗೆ ಕಬ್ಬಿಣವಾಗಲಿ ತಾಮ್ರವಾಗಲಿ ಹೊಸ ವಸ್ತುವಲ್ಲ. ರಂಟೆಯ ಗುಳ, ಕುಂಟೆಯ ಕುಡ, ಕುಡಗೋಲು, ಗುದ್ದಲಿ, ಬಂಡಿಯ ಗಾಲಿಗೆ ಹಾಕುವ ಹಳಿ, ಇವೆಲ್ಲವೂ ಕಬ್ಬಿಣದವು. ನೀರು ಕಾಯಿಸುವ ಹಂಡೆ, ನೀರು ತುಂಬಿಡುವ ಕೊಡ, ದೇವರ ಮುಂದಿಡುವ ತಂಬಿಗೆ, ಇವು ತಾಮ್ರದವು. ಆದರೆ ಈ ಎರಡು ಲೋಹಗಳು ಉಪಕರಣಗಳಾಗಿ ಮಾತ್ರವಲ್ಲದೆ ಉಪ್ಪುಗಳ ರೂಪದಿಂದಲೂ ನಮ್ಮ ಹೊಲಗಳನ್ನು ಸೇರುತ್ತವೆ. ಅಂಗಡಿಯಲ್ಲಿ ದೊರೆಯುವ ಹಸುರು ಹರಳಿನ ಅನ್ನಭೇದಿಯು ಕಬ್ಬಿಣದ ಉಪ್ಪು. ನೀಲಿ ಹರಳಿನ ಮೈಲುತುತ್ತವು ತಾಮ್ರದ ಉಪ್ಪು. ಎರಡನ್ನೂ ನೀರಿನಲ್ಲಿ ಕರಗಿಸಿ ಎಲೆಗಳ ಮೇಲೆ ಸಿಂಪಡಿಸುವುದರಿಂದ ಇವು ಒಂದೇ ಬಗೆಯ ಔಷಧಗಳೆಂದು ಕೆಲವರು ಭಾವಿಸುವುದುಂಟು. ಈ ಭಾವನೆಯು ತಪ್ಪಾದುದು. ಅನ್ನಭೇದಿಯನ್ನು ಬೆಳೆಗೆ ಆಹಾರವೆಂದು ಕೊಡತಕ್ಕದ್ದು. ಮೈಲುತುತ್ತವನ್ನು ರೋಗದ ಬೂಷ್ಟಿಗೆ ವಿಷವೆಂದು ಬಳಸತಕ್ಕದ್ದು. ಅನ್ನಭೇದಿಯ ಗುಣವನ್ನು ಸುಣ್ಣವು ಕೆಡಿಸುತ್ತದೆ. ಮೈಲುತುತ್ತವನ್ನು ಸುಣ್ಣ ಸೇರಿಸದೆ ಎಲೆಯ ಮೇಲೆ ಹಾಕಲೇ ಬಾರದು. ಈ ಭೇದವನ್ನರಿಯದೆ ಖರ್ಚು ಮಾಡಿದ ಹಣವು ವ್ಯರ್ಥವಾಗುವುದಲ್ಲದೆ ಬೆಳೆಗೂ ಭೂಮಿಗೂ ಕೇಡುಂಟಾಗುವುದು. ಆದುದರಿಂದ ಊರ ಹಿರಿಯರೂ ಜಮೀನುದಾರರೂ ಇದನ್ನು ಸರಿಯಾಗಿ ತಿಳಿದು ತಮ್ಮ ನೆರೆಹೊರೆಯವರಿಗೂ ತಿಳಿಸುವುದು ಅವಶ್ಯವು.

ಎರಡು ಲೋಹಗಳ ಸ್ವಭಾವ

ರಸಾಯನಶಾಸ್ತ್ರಜ್ಞರು ಈ ಎರಡನ್ನೂ ಸಂಕ್ರಮಣ ಲೋಹಗಳೆಂಬ ಒಂದೇ ವರ್ಗದಲ್ಲಿ ಸೇರಿಸಿರುತ್ತಾರೆ. ಈ ವರ್ಗದವಕ್ಕೆ ಸಾಮಾನ್ಯವಾಗಿ ಎರಡು ಲಕ್ಷಣಗಳುಂಟು. ಮೊದಲನೆಯದಾಗಿ, ಇವುಗಳ ಉಪ್ಪುಗಳಲ್ಲಿ ಹೆಚ್ಚಿನವು ಬಣ್ಣವುಳ್ಳವು. ಅಡಿಗೆಯ ಉಪ್ಪಿನಂತೆ ಬೆಳ್ಳಗಿರುವುದಿಲ್ಲ. ಎರಡನೆಯದಾಗಿ, ಒಂದೇ ಲೋಹವು ಒಂದಕ್ಕಿಂತ ಹೆಚ್ಚು ಅವಸ್ಥೆಗಳಲ್ಲಿ ಬೇರೆ ವಸ್ತುಗಳೊಡನೆ ಕೂಡಿಕೊಳ್ಳಬಲ್ಲದು. ಕಬ್ಬಿಣದ ಒಂದು ಅವಸ್ಥೆಯು ಹಸುರಾದುದು, ನೀರಿನಲ್ಲಿ ಸುಲಭವಾಗಿ ಕರಗತಕ್ಕದ್ದು. ಅದಕ್ಕೆ ಗಾಳಿ ತಗಲಿದರೆ ಕಂದು ಬಣ್ಣದ ಮತ್ತೊಂದು ಅವಸ್ಥೆಗೆ ತಿರುಗುತ್ತದೆ. ಇದು ಮಣ್ಣಿನಲ್ಲಿ ಕರಗುವುದು ಬಹು ಕಷ್ಟ. ಚೀಲದಲ್ಲಿ ಬಹುದಿನ ಬಿದ್ದಿರುವ ಅನ್ನಭೇದಿಯ ಹರಳುಗಳ ಮೇಲೆ ಕಂದು ಹಳದಿಯ ಪುಡಿ ಕೂಡುವುದು ಇದರಿಂದಲೇ. ಆದಕಾರಣ ಅನ್ನಭೇದಿಯನ್ನು ಕೊಳ್ಳುವಾಗ ತಿಳಿ ಹಸುರಾಗಿದೆಯೇ ಎಂದು ನೋಡಿ ಕೊಳ್ಳತಕ್ಕದ್ದು. ಪೂರಾ ಕಂದಾದುದು ಬೆಳೆಗೆ ಉಪಯೋಗಕ್ಕೆ ಬಾರದು. ಮೈಲುತುತ್ತವಾದರೋ ಹಾಗೆ ಕೆಡುವುದಿಲ್ಲ. ಅದು ಒಣಗಿ ಮೇಲೆ ಬೆಳ್ಳಗಾದರೂ ನೀರು ಬಿದ್ದೊಡನೆ ತನ್ನ ನೀಲಿ ಬಣ್ಣವನ್ನು ಮರಳಿ ಪಡೆಯುತ್ತದೆ.

ಲೋಹಗಳ ರೂಪದಲ್ಲಿಯೂ ಇವೆರಡಕ್ಕೆ ಬಹಳ ಅಂತರವುಂಟು. ಒಂದು ಲೀಟರು ನೀರು ಹಿಡಿಯುವ ಗಾತ್ರದ ಕಬ್ಬಿಣದ ಗಟ್ಟಿಯು ಸುಮಾರು ೭.೯ ಕಿಲೋ ತೂಗುತ್ತದೆ. ಅದೇ ಗಾತ್ರದ ತಾಮ್ರವು ಸುಮಾರು ೯ ಕಿಲೋ ತೂಗುತ್ತದೆ. ಕಬ್ಬಿಣವು ಕರಗಲು ೧೫೩೮ ಅಂಶಗಳ ಉಷ್ಣವು ಬೇಕು; ತಾಮ್ರಕ್ಕೆ ೧೦೮೫ ಅಂಶಗಳು ಸಾಕು. ಮನುಷ್ಯರು ಕಬ್ಬಿಣಕ್ಕಿಂತ ಮೊದಲು ತಾಮ್ರದ ಆಯುಧಗಳನ್ನು ಮಾಡಲು ಕಲಿತುದಕ್ಕೆ ಇದೂ ಒಂದು ಕಾರಣ. ಆದರೆ ತಾಮ್ರವು ಮೆತ್ತಗಿನದು. ಅದರ ಗುಳವನ್ನು ಮಾಡಿ ನಮ್ಮ ಎರೆ ಹೊಲದಲ್ಲಿ ಹೂಡಿದರೆ ಒಂದು ದಿನದಲ್ಲಿಯೇ ಮೊನೆ ಮಡಿಚಿಹೋದೀತು. ಕಬ್ಬಿಣಕ್ಕೆ ಅಲ್ಪ ಪ್ರಮಾಣದ ಇಂಗಾಲವು ಕೂಡಿದರೆ ಉಕ್ಕಾಗುತ್ತದೆ. ಕಂಬಾರನು ಅದನ್ನು ಕೆಂಪಗೆ ಕಾಯಿಸಿ ಬಡಿದು ನೀರಿನಲ್ಲಿ ಅದ್ದಿದಾಗ ಅದರ ಬಾಯಿಯು ಗಡಸಾಗುತ್ತದೆ. ನೆಲವನ್ನು ಸೀಳುವ ಕೆಲಸವು ಆದುದರಿಂದಲೇ ಕಬ್ಬಿಣದ ಪಾಲಿಗೆ ಬಂದಿದೆ.

ಉಷ್ಣವನ್ನೂ ವಿದ್ಯುತ್ತನ್ನೂ ಸಾಗಿಸುವುದರಲ್ಲಿ ಮಾತ್ರ ತಾಮ್ರದ್ದೇ ಮೇಲುಗೈ. ಉಷ್ಣವನ್ನು ಅದು ಕಬ್ಬಿಣಕ್ಕಿಂತ ಸುಮಾರು ಐದು ಪಟ್ಟು, ವಿದ್ಯುತ್ತನ್ನು ಸುಮಾರು ಆರು ಪಟ್ಟು ಚೆನ್ನಾಗಿ ಸಾಗಿಸುತ್ತದೆ. ತಾಮ್ರದ ಹಂಡೆಯಲ್ಲಿ ನೀರು ಬೇಗನೆ ಕಾಯುವುದು ಇದರಿಂದ. ಬಾವಿಯ ಮೇಲಿನ ಪಂಪಿನ ಮೋಟಾರಿನಲ್ಲಿ ಈ ಎರಡು ಲೋಹಗಳು ಒಂದನ್ನೊಂದು ಆಶ್ರಯಿಸಿ ಕೆಲಸಮಾಡುವುದನ್ನು ನೋಡಬಹುದು. ವಿದ್ಯುತ್ತು ಹರಿಯುವ ಸುರುಳಿಯು ತಾಮ್ರದ ತಂತಿಯದು. ಆ ಸುರುಳಿಯು ಕುಳಿತಿರುವ ಪದರುಪದರಾದ ತಿರುಳು ಉಕ್ಕಿನದು. ಅಯಸ್ಕಾಂತದ ಶಕ್ತಿಯನ್ನು ತನ್ನಲ್ಲಿ ತುಂಬಿಕೊಳ್ಳುವ ಗುಣವು ಕಬ್ಬಿಣಕ್ಕುಂಟು, ತಾಮ್ರಕ್ಕಿಲ್ಲ. ಒಂದರ ಬದಲು ಮತ್ತೊಂದನ್ನು ಅಲ್ಲಿ ಹಾಕಲು ಬರುವಂತಿಲ್ಲ.

ಇನ್ನು ತುಕ್ಕಿನ ವಿಷಯ. ನೀರೂ ಗಾಳಿಯೂ ತಗಲಿದ ಕಬ್ಬಿಣಕ್ಕೆ ಕೆಂಪು ತುಕ್ಕು ಹಿಡಿಯುವುದು. ಈ ತುಕ್ಕು ಸಡಿಲವಾಗಿದ್ದು ಹೊಪ್ಪಳೆ ಹೊಪ್ಪಳೆಯಾಗಿ ಉದುರುವುದರಿಂದ ಒಳಗಿನ ಹೊಸ ಕಬ್ಬಿಣವು ಮತ್ತೆ ಗಾಳಿಗೆ ಬಿದ್ದು ಅದೂ ಸವೆಯುವುದು. ತಾಮ್ರದ ಮೇಲೆ ಕಾಲಾನಂತರದಲ್ಲಿ ಹಿಡಿಯುವ ಹಸುರು ಪದರವು ಗಟ್ಟಿಯಾಗಿ ಅಂಟಿಕೊಂಡು ಒಳಗಿನ ಲೋಹವನ್ನು ಕಾಯುತ್ತದೆ. ಆದುದರಿಂದ ಅಜ್ಜನ ಕಾಲದ ತಾಮ್ರದ ಹಂಡೆಯು ಇಂದಿಗೂ ಮನೆಯಲ್ಲಿರುತ್ತದೆ. ಮಳೆಗಾಲದಲ್ಲಿ ಬಯಲಲ್ಲಿ ಬಿಟ್ಟ ಕುಂಟೆಯ ಕುಡವು ಮಾತ್ರ ಕೆಲವೇ ವರ್ಷಗಳಲ್ಲಿ ತಿಂದುಹೋಗುತ್ತದೆ. ಬಿತ್ತನೆ ಮುಗಿದ ಮೇಲೆ ಕಬ್ಬಿಣದ ಸಾಮಾನುಗಳ ಮಣ್ಣನ್ನು ತೊಳೆದು ಒರಸಿ ಎಣ್ಣೆ ಸವರಿಟ್ಟರೆ ಈ ನಷ್ಟವು ತಪ್ಪುವುದು.

ಮಣ್ಣಿನಲ್ಲಿರುವ ಭಂಡಾರ

ಭೂಮಿಯ ಮೇಲ್ಪದರದಲ್ಲಿ ನೂರು ಭಾಗಕ್ಕೆ ಸುಮಾರು ಐದು ಭಾಗ ಕಬ್ಬಿಣವಿದೆ. ತಾಮ್ರವು ಹತ್ತು ಲಕ್ಷ ಭಾಗಕ್ಕೆ ಸುಮಾರು ಐವತ್ತರಿಂದ ಅರವತ್ತು ಭಾಗ ಮಾತ್ರ. ಈ ಲೆಕ್ಕವನ್ನು ನಮ್ಮ ಹೊಲಕ್ಕೆ ಅನ್ವಯಿಸಿ ನೋಡೋಣ. ಒಂದು ಎಕರೆ ಹೊಲದಲ್ಲಿ ರಂಟೆಯು ತಿರುಗಿಸುವ ಆರು ಅಂಗುಲದ ಮಣ್ಣು ಸುಮಾರು ೯ ಲಕ್ಷ ಕಿಲೋ ತೂಗುತ್ತದೆಂದು ಎಣಿಸುವುದುಂಟು. ಅದರಲ್ಲಿ ನೂರಕ್ಕೆ ಐದರಂತೆ ಕಬ್ಬಿಣವಿದ್ದರೆ ೪೫ ಟನ್ನುಗಳಾಯಿತು. ತಾಮ್ರವು ಹತ್ತು ಲಕ್ಷಕ್ಕೆ ಐವತ್ತರಂತೆ ಇದ್ದರೆ ೪೫ ಕಿಲೋ ಆಯಿತು. ಕಬ್ಬಿಣವು ತಾಮ್ರಕ್ಕಿಂತ ಸಾವಿರ ಪಟ್ಟು ಹೆಚ್ಚು.

ಹೀಗಿರಲು ಬೆಳೆಗೆ ಕಬ್ಬಿಣದ ಕೊರತೆಯೇ ಬರಬಾರದು, ತಾಮ್ರದ ಕೊರತೆಯೇ ಬರಬೇಕು ಎಂದು ತೋರುವುದು ಸಹಜ. ಆದರೆ ನಮ್ಮ ಎರೆ ಹೊಲಗಳಲ್ಲಿ ಕಾಣುವುದು ಇದಕ್ಕೆ ವಿರುದ್ಧ. ತಾಮ್ರದ ಕೊರತೆಯು ಇಲ್ಲಿ ವಿರಳ. ಕಬ್ಬಿಣದ ಕೊರತೆಯು ಸಾಮಾನ್ಯ. ಇದು ಹೇಗೆಂದರೆ, ಬೇರುಗಳು ಕರಗಿದ ಲೋಹವನ್ನು ಮಾತ್ರ ಹೀರಬಲ್ಲವು. ಮಣ್ಣಿನಲ್ಲಿ ಸುಣ್ಣವೂ ಕ್ಷಾರವೂ ಹೆಚ್ಚಿದಂತೆ ಕಬ್ಬಿಣವು ಕರಗದ ಅವಸ್ಥೆಗೆ ತಿರುಗಿ ಬಿಗಿದುಕೊಳ್ಳುತ್ತದೆ. ಮಣ್ಣಿನ ಹುಳಿ ಕ್ಷಾರಗಳನ್ನು ಅಳೆಯುವ ರಸಸಾರವೆಂಬ ಅಳತೆಯಲ್ಲಿ ಒಂದು ಅಂಶ ಏರಿದರೆ ಕರಗಿರುವ ಫೆರಿಕ್ ಕಬ್ಬಿಣವು ಸಾವಿರದಲ್ಲೊಂದು ಪಾಲಿಗೆ ಇಳಿಯುತ್ತದೆ. ಬೈಲಹೊಂಗಲದ ಆಳವಾದ ಎರೆ ಭೂಮಿಯಲ್ಲಿಯೂ ಸವದತ್ತಿ ರಾಮದುರ್ಗಗಳ ಮಲಪ್ರಭೆಯ ಬಯಲಿನಲ್ಲಿಯೂ ಹೊಲವನ್ನು ಅಗೆದರೆ ಬಿಳಿಯ ಸುಣ್ಣದ ಹರಳುಗಳು ಹೇರಳವಾಗಿ ಸಿಗುವುದನ್ನು ಎಲ್ಲರೂ ಕಂಡಿದ್ದಾರೆ. ಈ ಹರಳುಗಳೇ ಕಬ್ಬಿಣಕ್ಕೆ ಬೀಗ ಹಾಕಿದವು. ಕಿತ್ತೂರಿನ ಪಡುವಣದ ಕೆಂಪು ಮಣ್ಣಿನಲ್ಲಿ ಮಳೆಯು ಹೆಚ್ಚಾಗಿದ್ದು ಸುಣ್ಣವು ಕಡಿಮೆಯಾದುದರಿಂದ ಅಲ್ಲಿ ಈ ಬಾಧೆಯೂ ಕಡಿಮೆ. ಆ ಮಣ್ಣಿನ ಕೆಂಪು ಬಣ್ಣವು ಕಬ್ಬಿಣದ ತುಕ್ಕಿನ ಬಣ್ಣವೇ.

ಮಣ್ಣಿನ ಪರೀಕ್ಷೆಯಲ್ಲಿ ಬೇರಿಗೆ ದಕ್ಕುವ ಕಬ್ಬಿಣವು ಹತ್ತು ಲಕ್ಷ ಭಾಗಕ್ಕೆ ೪.೫ ಭಾಗಕ್ಕಿಂತ ಕಡಿಮೆಯಿದ್ದರೆ ಕೊರತೆಯೆಂದು ಎಣಿಸುತ್ತಾರೆ. ಎಕರೆಯ ಲೆಕ್ಕಕ್ಕೆ ಇದು ನಾಲ್ಕು ಕಿಲೋ ಮಾತ್ರ. ೪೫ ಟನ್ನು ಕಬ್ಬಿಣದ ಮೇಲೆ ನಿಂತ ಬೆಳೆಯು ನಾಲ್ಕು ಕಿಲೋ ಸಿಗದೆ ಸೊರಗುವುದು, ಕಣಜದ ಬಾಗಿಲು ತೆರೆಯದೆ ಮನೆಯವರು ಉಪವಾಸವಿದ್ದಂತೆ. ತಾಮ್ರಕ್ಕೆ ಈ ಮಿತಿಯು ೦.೨ ಭಾಗ, ಎಕರೆಗೆ ಸುಮಾರು ೧೮೦ ಗ್ರಾಂ. ಬೆಳೆಗೆ ತಾಮ್ರವು ಬೇಕಾಗುವುದು ಅಷ್ಟು ಸ್ವಲ್ಪ; ಆ ಸ್ವಲ್ಪವು ಎರೆ ಮಣ್ಣಿನಲ್ಲಿ ಸಾಮಾನ್ಯವಾಗಿ ಇದ್ದೇ ಇರುತ್ತದೆ.

ಹಳದಿಯಾದ ಬೆಳೆಯನ್ನು ಪರೀಕ್ಷಿಸುವ ಬಗೆ

ಎಲೆಯ ಹಸುರು ತಯಾರಾಗಲು ಕಬ್ಬಿಣವು ಅತ್ಯವಶ್ಯವು. ಅದು ಸಿಗದಿದ್ದರೆ ಎಲೆಯು ಹಳದಿಯಾಗಿ, ಬಾಧೆಯು ಹೆಚ್ಚಿದರೆ ಬೆಳ್ಳಗಾಗುತ್ತದೆ. ಕಬ್ಬು, ಅದರಲ್ಲಿಯೂ ಕುಳೆ ಕಬ್ಬು, ಶೇಂಗಾ, ಕಡಲೆ, ಜೋಳ ಇವುಗಳಲ್ಲಿ ಇದನ್ನು ಹೆಚ್ಚಾಗಿ ಕಾಣುತ್ತೇವೆ. ಹಳದಿ ಬಣ್ಣವನ್ನು ಕಂಡೊಡನೆ ಯೂರಿಯಾ ಚೀಲವನ್ನು ಬಿಚ್ಚುವ ರೂಢಿಯು ಎಲ್ಲ ಊರುಗಳಲ್ಲಿಯೂ ಬೆಳೆದಿದೆ. ಸಾರಜನಕದ ಕೊರತೆಯಿಂದಲೂ ಬೆಳೆಯು ಹಳದಿಯಾಗುವುದು ನಿಜ. ಆದರೆ ಕೊರತೆಯು ಕಬ್ಬಿಣದ್ದಾಗಿದ್ದರೆ ಯೂರಿಯಾದಿಂದ ಗುಣವಾಗುವುದಿಲ್ಲ. ಹಣವು ಹೋಗಿ, ದಿನಗಳು ಕಳೆದು, ಕಬ್ಬಿನ ಮರಿಗಳು ಒಡೆಯಬೇಕಾದ ಕಾಲವು ಕೈಬಿಟ್ಟುಹೋಗುತ್ತದೆ.

ಎರಡನ್ನೂ ಬೇರ್ಪಡಿಸಿ ತಿಳಿಯುವುದು ಕಷ್ಟವಲ್ಲ. ಸಾರಜನಕವು ಗಿಡದೊಳಗೆ ಸುಲಭವಾಗಿ ಚಲಿಸುವುದು. ಅದರ ಕೊರತೆಯಾದಾಗ ಗಿಡವು ಹಳೆಯ ಎಲೆಗಳಿಂದ ಅದನ್ನು ತೆಗೆದು ಹೊಸ ಎಲೆಗಳಿಗೆ ಕೊಡುವುದರಿಂದ ಬುಡದ ಎಲೆಗಳು ಮೊದಲು ಹಳದಿಯಾಗುತ್ತವೆ. ಕಬ್ಬಿಣವು ಹಾಗೆ ಚಲಿಸದು. ಆದಕಾರಣ ಅದರ ಕೊರತೆಯಲ್ಲಿ ತುದಿಯ ಎಳೆಯ ಎಲೆಗಳೇ ಮೊದಲು ಹಳದಿಯಾಗುತ್ತವೆ. ಎಲೆಯ ನರಗಳು ಹಸುರಾಗಿಯೇ ಉಳಿದು ನಡುವಿನ ಭಾಗವು ಬಣ್ಣಗೆಡುವುದು. ಕಬ್ಬಿನ ಎಲೆಯಲ್ಲಿ ಇದು ಉದ್ದುದ್ದ ಪಟ್ಟಿಗಳಂತೆ ತೋರುವುದು. ನೀರು ನಿಂತ ತಗ್ಗುಗಳಲ್ಲಿ ಬೇರಿಗೆ ಉಸಿರಾಡಲು ಆಸ್ಪದವಿಲ್ಲದೆಯೂ, ಸುಣ್ಣದ ಮಣ್ಣಿನ ನೀರಿನಲ್ಲಿ ಬೈಕಾರ್ಬೊನೇಟು ಹೆಚ್ಚಿಯೂ ಇದೇ ಬಾಧೆಯು ಬಲವಾಗುವುದು. ನವಿಲುತೀರ್ಥದ ಅಣೆಕಟ್ಟಿನ ಕಾಲುವೆಗಳಿಂದ ನೀರಾವರಿಯಾಗುವ ಹೊಲಗಳಲ್ಲಿ ನೀರನ್ನು ಮಿತಿಮೀರಿ ಬಿಡಬಾರದೆಂಬುದಕ್ಕೆ ಇದೂ ಒಂದು ಕಾರಣವಾಗಿದೆ.

ಸಂಶಯ ಉಳಿದಿದ್ದರೆ ಒಂದು ಸಣ್ಣ ಪರೀಕ್ಷೆಯನ್ನು ಮಾಡಬಹುದು. ಒಂದು ಲೀಟರು ನೀರಿನಲ್ಲಿ ೫ ಗ್ರಾಂ ಅನ್ನಭೇದಿಯನ್ನೂ ೧ ಗ್ರಾಂ ನಿಂಬೆಹುಳಿಯನ್ನೂ ಕರಗಿಸಿ, ಹಳದಿಯಾದ ನಾಲ್ಕೈದು ಎಳೆಯ ಎಲೆಗಳಿಗೆ ಅರಿವೆಯಿಂದ ಸವರಿ, ಗುರುತಿಗಾಗಿ ಆ ಗಿಡಗಳಿಗೆ ದಾರವನ್ನು ಕಟ್ಟಬೇಕು. ಒಂದು ವಾರದೊಳಗೆ ಸವರಿದ ಎಲೆಯು ಹಸುರಾಗತೊಡಗಿ ನೆರೆಯ ಗಿಡದ ಎಲೆಯು ಹಳದಿಯಾಗಿಯೇ ಇದ್ದರೆ ಕೊರತೆಯು ಕಬ್ಬಿಣದ್ದೆಂದು ನಿಶ್ಚಯಿಸಬಹುದು. ಸವರಿದರೂ ಬದಲಾವಣೆ ತೋರದಿದ್ದರೆ ಸತುವಿನ ಕೊರತೆಯೋ ಬೇರೆ ಕಾರಣವೋ ಇರಬಹುದಾದುದರಿಂದ ಮಣ್ಣಿನ ಪರೀಕ್ಷೆಯನ್ನು ಮಾಡಿಸುವುದು ಲೇಸು. ಈ ಪರೀಕ್ಷೆಗೆ ತಗಲುವ ಖರ್ಚು ಒಂದು ಚೀಲ ಗೊಬ್ಬರದ ಬೆಲೆಯ ಮುಂದೆ ಏನೂ ಅಲ್ಲ.

ಅನ್ನಭೇದಿಯನ್ನು ಬಳಸುವ ರೀತಿ

ಕಬ್ಬಿಣದ ಕೊರತೆಯು ನಿಶ್ಚಯವಾದ ಮೇಲೆ ಮೇಲೆ ಹೇಳಿದ ಪ್ರಮಾಣದ ದ್ರಾವಣವನ್ನೇ ಬೆಳೆಗೆಲ್ಲ ಸಿಂಪಡಿಸತಕ್ಕದ್ದು. ಎಕರೆಗೆ ೨೦೦ ಲೀಟರು ನೀರು ಹಿಡಿದರೆ ೧ ಕಿಲೋ ಅನ್ನಭೇದಿಯೂ ೨೦೦ ಗ್ರಾಂ ನಿಂಬೆಹುಳಿಯೂ ಬೇಕಾಗುವುವು. ಅನ್ನಭೇದಿಯಲ್ಲಿ ನೂರಕ್ಕೆ ಸುಮಾರು ಇಪ್ಪತ್ತು ಭಾಗ ಕಬ್ಬಿಣವಿರುವುದರಿಂದ ಒಂದು ಸಲಕ್ಕೆ ಹೋಗುವ ಕಬ್ಬಿಣವು ಕೇವಲ ೨೦೦ ಗ್ರಾಂ. ನಿಂಬೆಹುಳಿಯು ದ್ರಾವಣವನ್ನು ಹುಳಿಯಾಗಿ ಇಟ್ಟು ಕಬ್ಬಿಣವು ಕಂದಾಗದಂತೆ ತಡೆಯುತ್ತದೆ. ದ್ರಾವಣವನ್ನು ಆಗಿಂದಾಗ್ಗೆ ತಯಾರಿಸಿ ಅದೇ ದಿನ ಮುಗಿಸಬೇಕು. ಬಿಸಿಲಿಳಿದ ಮೇಲೆ, ಸಾಯಂಕಾಲ ಸಿಂಪಡಿಸುವುದು ಒಳ್ಳೆಯದು. ಎಲೆಯಲ್ಲಿ ಕಬ್ಬಿಣವು ಚಲಿಸದ ಕಾರಣ ಆ ಮೇಲೆ ಹುಟ್ಟಿದ ಎಲೆಗಳಿಗಾಗಿ ಹತ್ತು ಹದಿನೈದು ದಿನಗಳ ನಂತರ ಇನ್ನೊಮ್ಮೆ ಸಿಂಪಡಿಸತಕ್ಕದ್ದು.

ಅನ್ನಭೇದಿಯನ್ನು ಬರಿದೆ ಮಣ್ಣಿಗೆ ಚೆಲ್ಲಿದರೆ ಸುಣ್ಣವು ಅದನ್ನು ಕೆಲವೇ ದಿನಗಳಲ್ಲಿ ಬಿಗಿದುಬಿಡುತ್ತದೆ. ೪೫ ಟನ್ನಿನ ಗತಿಯೇ ಆ ಹತ್ತು ಕಿಲೋವಿನ ಗತಿಯೂ ಆಗುವುದು. ಮಣ್ಣಿಗೇ ಕೊಡಬೇಕಾದರೆ ಎಕರೆಗೆ ಸುಮಾರು ೧೦ ಕಿಲೋ ಅನ್ನಭೇದಿಯನ್ನು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರದಲ್ಲಿ ಕಲಸಿ, ಕಬ್ಬಿನ ಸಾಲಿನಲ್ಲಿ ಬೇರಿನ ಹತ್ತಿರ ಬೀಳುವಂತೆ ಕೊಡತಕ್ಕದ್ದು. ಗೊಬ್ಬರದಲ್ಲಿಯ ಸೇಂದ್ರಿಯ ವಸ್ತುಗಳು ಕಬ್ಬಿಣವನ್ನು ಸುಣ್ಣದ ಕೈಗೆ ಸಿಗದಂತೆ ಹಿಡಿದುಕೊಂಡು ಬೇರಿಗೆ ಒಪ್ಪಿಸುತ್ತವೆ. ವರ್ಷವರ್ಷವೂ ತಿಪ್ಪೆಗೊಬ್ಬರವನ್ನೂ ಹಸುರೆಲೆ ಗೊಬ್ಬರವನ್ನೂ ಕಾಣುವ ಹೊಲದಲ್ಲಿ ಈ ಬಾಧೆಯು ಕಡಿಮೆಯಾಗಿರುವುದಕ್ಕೆ ಇದೇ ಕಾರಣ. ಅಂಗಡಿಯಲ್ಲಿ ಕೀಲೇಟ್ ಎಂಬ ಹೆಸರಿನಲ್ಲಿ ಮಾರುವ ಕಬ್ಬಿಣವನ್ನು ಕೊಳ್ಳುವವರು ಅದರ ಬಗೆಯನ್ನು ವಿಚಾರಿಸತಕ್ಕದ್ದು. ಇಡಿಟಿಎ ಎಂಬ ಬಗೆಯು ಎಲೆಗೆ ಸಿಂಪಡಿಸಲು ಯೋಗ್ಯವು, ಸುಣ್ಣದ ಮಣ್ಣಿನಲ್ಲಿ ನಿಲ್ಲದು. ಇಡಿಡಿಎಚ್‌ಎ ಎಂಬ ಬಗೆಯು ಮಣ್ಣಿನಲ್ಲಿಯೂ ನಿಲ್ಲುವುದು. ಆದರೆ ಅದರ ಬೆಲೆಯು ಬಹಳ.

ಮೈಲುತುತ್ತದ ಕೆಲಸ

ಈಗ ತಾಮ್ರದ ಕಡೆಗೆ ಬರೋಣ. ತಾಮ್ರದ ಅಲ್ಪಾಂಶವೇ ಬೂಷ್ಟಿಯ ಬೀಜಕಣಗಳು ಮೊಳೆಯದಂತೆ ಮಾಡುತ್ತದೆ. ಈ ಗುಣವು ಕಬ್ಬಿಣಕ್ಕಿಲ್ಲ. ಫ್ರಾನ್ಸ್ ದೇಶದ ಬೋರ್ಡೊ ಪ್ರಾಂತದಲ್ಲಿ ದಾರಿಯ ಬದಿಯ ದ್ರಾಕ್ಷಿಯನ್ನು ದಾರಿಹೋಕರು ಕದಿಯದಿರಲೆಂದು ತೋಟಗಾರರು ಮೈಲುತುತ್ತವನ್ನೂ ಸುಣ್ಣವನ್ನೂ ಬಳ್ಳಿಗಳಿಗೆ ಎರಚುತ್ತಿದ್ದರು. ಆ ಬಳ್ಳಿಗಳಿಗೆ ಬೂಷ್ಟಿನ ರೋಗವು ಬಾರದಿದ್ದುದನ್ನು ಮಿಲಾರ್ಡೆ ಎಂಬ ವಿದ್ವಾಂಸರು ಗಮನಿಸಿ, ೧೮೮೫ರಲ್ಲಿ ಆ ಮಿಶ್ರಣದ ಉಪಯೋಗವನ್ನು ಪ್ರಕಟಿಸಿದರು. ಅದೇ ಬೋರ್ಡೊ ದ್ರಾವಣ. ನಮ್ಮ ನಾಡಿನಲ್ಲಿ, ೧೯೦೮ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಲೆಸ್ಲಿ ಕೋಲ್ಮನ್ನರು ಮಲೆನಾಡಿನ ಅಡಿಕೆಯ ಕೊಳೆರೋಗಕ್ಕೆ ಇದನ್ನು ಬಳಕೆಗೆ ತಂದರು. ಇಂದಿಗೂ ಅಡಿಕೆ ತೋಟದವರು ಮಳೆಗಾಲಕ್ಕೆ ಮೊದಲು ಇದನ್ನೇ ನಂಬಿದ್ದಾರೆ. ನಮ್ಮ ಭಾಗವು ಮುಂಬಯಿ ಇಲಾಖೆಯಲ್ಲಿದ್ದ ಕಾಲದಲ್ಲಿ ಬಿತ್ತುವ ಜೋಳವನ್ನು ಕಾಡಿಗೆ ರೋಗದ ನಿವಾರಣೆಗಾಗಿ ಮೈಲುತುತ್ತದ ನೀರಿನಲ್ಲಿ ಅದ್ದುವ ಪದ್ಧತಿಯನ್ನು ಕೃಷಿ ಖಾತೆಯವರು ಹರಡಿದ್ದರು. ಹೆಚ್ಚು ಹೊತ್ತು ನೆನೆದರೆ ಮೊಳಕೆಯೇ ಕೆಡುವ ಭಯವಿದ್ದುದರಿಂದ ಮುಂದೆ ಗಂಧಕದ ಪುಡಿಯು ಆ ಸ್ಥಾನಕ್ಕೆ ಬಂದಿತು.

ಬರಿಯ ಮೈಲುತುತ್ತದ ನೀರು ಎಲೆಯನ್ನು ಸುಡುವುದು. ಸುಣ್ಣವು ಸೇರಿದಾಗ ತಾಮ್ರವು ಬಹುಮಟ್ಟಿಗೆ ಕರಗದ ನೀಲಿ ಗಸಿಯಾಗಿ ಎಲೆಗೆ ಅಂಟಿಕೊಂಡು, ಸ್ವಲ್ಪಸ್ವಲ್ಪವಾಗಿ ಬಿಡುತ್ತ ಬೂಷ್ಟಿಯನ್ನು ತಡೆಯುವುದು. ಕಬ್ಬಿಣವನ್ನು ಕಟ್ಟಿಹಾಕಿ ನಮಗೆ ಕೇಡು ಮಾಡುವ ಸುಣ್ಣವೇ ತಾಮ್ರವನ್ನು ಕಟ್ಟಿಹಾಕಿ ನಮಗೆ ಉಪಕಾರ ಮಾಡುವುದೆಂಬುದನ್ನು ಇಲ್ಲಿ ಗಮನಿಸಬೇಕು. ನೂರಕ್ಕೆ ಒಂದರ ದ್ರಾವಣಕ್ಕೆ ೧ ಕಿಲೋ ಮೈಲುತುತ್ತವನ್ನು ೫೦ ಲೀಟರು ನೀರಿನಲ್ಲಿಯೂ, ೧ ಕಿಲೋ ಸುಟ್ಟ ಸುಣ್ಣವನ್ನು ಅರಳಿಸಿ ಸೋಸಿ ಬೇರೆ ೫೦ ಲೀಟರು ನೀರಿನಲ್ಲಿಯೂ ಕಲಸಿ, ಎರಡನ್ನೂ ಮೂರನೆಯ ಪಾತ್ರೆಗೆ ಒಟ್ಟಿಗೆ ಹೊಯ್ಯುತ್ತ ಕೋಲಿನಿಂದ ತಿರುವುತ್ತಿರಬೇಕು. ಇದನ್ನೂ ಅದೇ ದಿನ ಉಪಯೋಗಿಸತಕ್ಕದ್ದು. ನಿಂಬೆ, ಮಾವು ಮೊದಲಾದ ಗಿಡಗಳ ಕಾಂಡದ ಅಂಟುರೋಗಕ್ಕೆ ನೀರನ್ನು ೧೦ ಲೀಟರಿಗೆ ಇಳಿಸಿ ಮುಲಾಮಿನಂತೆ ಮಾಡಿ ಬಳಿಯುವ ಪದ್ಧತಿಯುಂಟು.

ಕತ್ತಿಯ ಪರೀಕ್ಷೆ

ಬೋರ್ಡೊ ದ್ರಾವಣವು ಸರಿಯಾಗಿದೆಯೇ ಎಂದು ತಿಳಿಯಲು ತೋಟಗಾರರು ಒರಸಿದ ಕಬ್ಬಿಣದ ಕತ್ತಿಯನ್ನು ಅದರಲ್ಲಿ ಒಂದೆರಡು ನಿಮಿಷ ಅದ್ದಿ ನೋಡುವುದುಂಟು. ಅಲಗಿನ ಮೇಲೆ ಕೆಂಪು ಲೇಪವು ಕಂಡರೆ ಸುಣ್ಣವು ಸಾಲದೆಂದು ತಿಳಿದು ಇನ್ನಷ್ಟು ಸುಣ್ಣದ ನೀರನ್ನು ಸೇರಿಸಬೇಕು. ಈ ಪರೀಕ್ಷೆಯಲ್ಲಿ ಎರಡು ಲೋಹಗಳ ಮುಖ್ಯವಾದ ಭೇದವು ಕಣ್ಣಿಗೆ ಕಾಣುತ್ತದೆ. ಕಬ್ಬಿಣವು ತನ್ನ ಲೋಹರೂಪವನ್ನು ಬೇಗನೆ ಬಿಟ್ಟುಕೊಡುವ ಸ್ವಭಾವದ್ದು, ತಾಮ್ರವು ಬಿಡಲೊಲ್ಲದು. ಆದುದರಿಂದ ಎರಡೂ ಎದುರಾದಾಗ ಕಬ್ಬಿಣವು ಕರಗಿ ನೀರಿಗೆ ಇಳಿಯುತ್ತದೆ, ಕರಗಿದ್ದ ತಾಮ್ರವು ಲೋಹವಾಗಿ ಅದರ ಮೇಲೆ ಕುಳಿತುಕೊಳ್ಳುತ್ತದೆ. ಒಂದು ಗಾಜಿನ ಲೋಟದಲ್ಲಿ ಮೈಲುತುತ್ತದ ನೀರನ್ನು ಹಾಕಿ ಕಬ್ಬಿಣದ ಮೊಳೆಗಳನ್ನು ಬಿಟ್ಟರೆ ಮೊಳೆಗಳು ಕೆಂಪಾಗಿ, ಕ್ರಮೇಣ ನೀಲಿ ನೀರು ಹಸುರಿಗೆ ತಿರುಗುವುದು. ಆಗ ಅದು ಮೈಲುತುತ್ತದ ನೀರಲ್ಲ, ಅನ್ನಭೇದಿಯ ನೀರು. ಊರ ಶಾಲೆಯ ಮಕ್ಕಳಿಗೆ ಗುರುಗಳು ಇದನ್ನು ಸುಲಭವಾಗಿ ತೋರಿಸಬಹುದು.

ಮೈಲುತುತ್ತವನ್ನು ಕಬ್ಬಿಣದ ಬಕೀಟಿನಲ್ಲಿ ಕರಗಿಸಬಾರದೆಂಬ ನಿಯಮದ ಅರ್ಥವು ಇದರಿಂದ ತಿಳಿಯುವುದು. ಬಕೀಟು ತೂತಾಗುವುದೊಂದು ನಷ್ಟ. ಔಷಧದಲ್ಲಿಯ ತಾಮ್ರವು ಬಕೀಟಿಗೇ ಅಂಟಿ ದ್ರಾವಣವು ಸತ್ವಹೀನವಾಗುವುದು ಇನ್ನೊಂದು ನಷ್ಟ. ಮಣ್ಣಿನ, ಮರದ ಅಥವಾ ಪ್ಲಾಸ್ಟಿಕ್ಕಿನ ಪಾತ್ರೆಗಳನ್ನೇ ಬಳಸತಕ್ಕದ್ದು. ಹಾಗೆಯೇ, ಕೂಲಿಯನ್ನು ಉಳಿಸಬೇಕೆಂದು ಅನ್ನಭೇದಿಯನ್ನು ಬೋರ್ಡೊ ದ್ರಾವಣದಲ್ಲಿ ಕೂಡಿಸಿ ಒಂದೇ ಸಲಕ್ಕೆ ಸಿಂಪಡಿಸಬಾರದು. ಅದರ ಸುಣ್ಣವು ಕಬ್ಬಿಣವನ್ನು ತೊಟ್ಟಿಯಲ್ಲಿಯೇ ಕಂದು ಗಸಿಯಾಗಿ ಮಾಡಿಬಿಡುತ್ತದೆ.

ತಾಮ್ರದ ವಿಷಯದಲ್ಲಿ ಎಚ್ಚರಿಕೆ

ಹೊಲಕ್ಕೆ ಹಾಕಿದ ಕಬ್ಬಿಣವು ೪೫ ಟನ್ನುಗಳಲ್ಲಿ ಬೆರೆತು ಲೆಕ್ಕಕ್ಕೆ ಬಾರದೆ ಹೋಗುತ್ತದೆ. ತಾಮ್ರದ ಮಾತು ಹಾಗಲ್ಲ. ಮೈಲುತುತ್ತದಲ್ಲಿ ನೂರಕ್ಕೆ ಸುಮಾರು ಇಪ್ಪತ್ತೈದು ಭಾಗ ತಾಮ್ರವಿದೆ. ಎಕರೆಗೆ ೨೦೦ ಲೀಟರು ಬೋರ್ಡೊ ದ್ರಾವಣವನ್ನು ಒಂದು ಸಲ ಸಿಂಪಡಿಸಿದರೆ ಅರ್ಧ ಕಿಲೋ ತಾಮ್ರವು ಹೊಲಕ್ಕೆ ಬಿತ್ತು. ವರ್ಷಕ್ಕೆ ನಾಲ್ಕು ಸಲದಂತೆ ಇಪ್ಪತ್ತು ವರ್ಷ ನಡೆದರೆ ೪೦ ಕಿಲೋ ಆಯಿತು. ಅಂದರೆ ಮಣ್ಣಿನಲ್ಲಿ ಮೊದಲಿದ್ದಷ್ಟೇ ತಾಮ್ರವು ಹೊಸದಾಗಿ ಸೇರಿತು. ತಾಮ್ರವು ಕೊಳೆಯುವುದಿಲ್ಲ, ಆವಿಯಾಗುವುದಿಲ್ಲ; ಮೇಲ್ಮಣ್ಣಿನಲ್ಲಿಯೇ ನಿಲ್ಲುತ್ತದೆ. ಒಂದು ಶತಮಾನಕ್ಕೂ ಹೆಚ್ಚು ಕಾಲ ಈ ಔಷಧವನ್ನು ಬಳಸಿದ ಯುರೋಪಿನ ದ್ರಾಕ್ಷಿ ತೋಟಗಳಲ್ಲಿ ತಾಮ್ರವು ಅತಿಯಾಗಿ ಕೂಡಿದೆ. ಅಲ್ಲಿಯ ಒಕ್ಕೂಟವು ೨೦೧೯ರಿಂದ ಏಳು ವರ್ಷಗಳಲ್ಲಿ ಹೆಕ್ಟೇರಿಗೆ ೨೮ ಕಿಲೋ ತಾಮ್ರವನ್ನು ಮೀರಬಾರದೆಂದು ಕಟ್ಟುಮಾಡಿತು. ತಾಮ್ರವು ಮಿತಿಮೀರಿದ ಭೂಮಿಯಲ್ಲಿ ಬೇರುಗಳು ಮೊಂಡಾಗುವುವು. ಬೆಳೆಯು ಕಬ್ಬಿಣವನ್ನು ಹೀರಲಾರದೆ ಎಲೆಗಳು ಮತ್ತೆ ಹಳದಿಯಾಗುವುವು. ಒಂದು ರೋಗಕ್ಕೆಂದು ಕೊಟ್ಟ ಔಷಧವು ಇನ್ನೊಂದು ಬಾಧೆಯನ್ನು ತಂದಂತಾಯಿತು. ಆದುದರಿಂದ ಬೂಷ್ಟಿನ ರೋಗವು ನಿಶ್ಚಯವಾಗದೆ ಮೈಲುತುತ್ತವನ್ನು ಬಳಸಬಾರದು. ಹಳದಿ ಎಲೆಗೆ ಅದು ಔಷಧವಲ್ಲ.

ಮೈಲುತುತ್ತವು ಮನುಷ್ಯರಿಗೂ ದನಕರುಗಳಿಗೂ ವಿಷವು. ನೀಲಿ ಹರಳುಗಳನ್ನು ಕಂಡು ಮಕ್ಕಳು ಆಸೆಪಡುವುದು ಸಹಜವಾದುದರಿಂದ ಅದನ್ನು ಬೀಗದಲ್ಲಿಡತಕ್ಕದ್ದು. ಕುರಿಗಳು ತಾಮ್ರವನ್ನು ತಾಳಲಾರವು. ಸಿಂಪಡಿಸಿದ ತೋಟದ ಹುಲ್ಲಿಗೆ ಕುರಿಗಳನ್ನು ಬಿಡಬಾರದೆಂದು ಕುರುಬರಿಗೆ ಮುಂಚಿತವಾಗಿ ಹೇಳಬೇಕು. ಸಿಂಪಡಿಸುವ ಯಂತ್ರವನ್ನು ಕೆರೆಯಲ್ಲಾಗಲಿ ಹಳ್ಳದಲ್ಲಾಗಲಿ ತೊಳೆದರೆ ಮೀನುಗಳು ಸಾಯುವುವು. ಮನೆಯಲ್ಲಿಯೂ ತಾಮ್ರದ ಪಾತ್ರೆಯಲ್ಲಿ ನೀರನ್ನು ಇಡಬಹುದೇ ಹೊರತು ಕಲಾಯಿಯಿಲ್ಲದ ಪಾತ್ರೆಯಲ್ಲಿ ಮಜ್ಜಿಗೆ, ಹುಣಸೆಯ ಸಾರು ಮೊದಲಾದ ಹುಳಿ ಪದಾರ್ಥಗಳನ್ನು ಇಡಬಾರದು. ಹುಳಿಯು ತಾಮ್ರವನ್ನು ಕರಗಿಸುವುದು. ಕಬ್ಬಿಣದ ಬಾಣಲೆಯಲ್ಲಿ ಹುಳಿಯು ಕಬ್ಬಿಣವನ್ನು ಕರಗಿಸಿದರೆ ಪಲ್ಯವು ಕಪ್ಪಾಗಬಹುದಲ್ಲದೆ ಕೇಡಿಲ್ಲ. ರಕ್ತವು ಕೆಂಪಾಗಿರುವುದೂ ಕಬ್ಬಿಣದಿಂದಲೇ ಆದುದರಿಂದ, ಆ ಅಲ್ಪಾಂಶವು ರಕ್ತಹೀನತೆಯುಳ್ಳವರಿಗೆ ಹಿತವೇ ಆಗಿದೆ. ಆದರೆ ಇದರಿಂದ ಅನ್ನಭೇದಿಯು ನಿರಪ್ರಾಯವೆಂದು ತಿಳಿಯಬಾರದು. ಹೊಲಕ್ಕೆಂದು ತಂದುದನ್ನು ಮಕ್ಕಳು ತಿಂದರೆ ಅದೂ ವಿಷವೇ. ಅದನ್ನೂ ಬೀಗದಲ್ಲಿಯೇ ಇಡತಕ್ಕದ್ದು.

ಊರ ಹಿರಿಯರು ಮಾಡಬಹುದಾದ ಕೆಲಸ

೨೦೧೫ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿಯ ಯೋಜನೆಯಲ್ಲಿ ಪರೀಕ್ಷಿಸುವ ಹನ್ನೆರಡು ಅಂಶಗಳಲ್ಲಿ ಕಬ್ಬಿಣವೂ ತಾಮ್ರವೂ ರಸಸಾರವೂ ಸೇರಿವೆ. ಅನೇಕರ ಮನೆಯಲ್ಲಿ ಈ ಚೀಟಿಯು ಓದದೆಯೇ ಪೆಟ್ಟಿಗೆಯಲ್ಲಿ ಬಿದ್ದಿರುತ್ತದೆ. ಅದನ್ನು ಹೊರತೆಗೆದು ಕಬ್ಬಿಣದ ಸಾಲಿನಲ್ಲಿ ೪.೫ಕ್ಕಿಂತ ಕಡಿಮೆಯಿದೆಯೇ, ತಾಮ್ರದ ಸಾಲಿನಲ್ಲಿ ೦.೨ಕ್ಕಿಂತ ಕಡಿಮೆಯಿದೆಯೇ ಎಂದು ನೋಡಬೇಕು. ಚೀಟಿಯಿಲ್ಲದವರು ಬಿತ್ತನೆಗೆ ಮೊದಲು ಹೊಲದ ಹಲವು ಕಡೆಗಳಿಂದ ಆರು ಅಂಗುಲ ಆಳದ ಮಣ್ಣನ್ನು ತೆಗೆದು ಕೂಡಿಸಿ, ಅದರಲ್ಲಿ ಅರ್ಧ ಕಿಲೋವನ್ನು ಪರೀಕ್ಷೆಗೆ ಕೊಡಬೇಕು. ಈ ಮಣ್ಣನ್ನು ಕಬ್ಬಿಣದ ತುಕ್ಕು ಹಿಡಿದ ಸಲಿಕೆಯಿಂದ ತೆಗೆಯಬಾರದು. ತಗಡಿನ ಡಬ್ಬಿಯಲ್ಲಿಯೂ ಹಳೆಯ ಗೊಬ್ಬರದ ಚೀಲದಲ್ಲಿಯೂ ತುಂಬಬಾರದು. ಹೋಬಳಿಯ ರೈತ ಸಂಪರ್ಕ ಕೇಂದ್ರದವರೂ, ಬೈಲಹೊಂಗಲ ತಾಲೂಕಿನ ಮತ್ತಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರದವರೂ, ೧೯೮೬ರಲ್ಲಿ ಸ್ಥಾಪಿತವಾದ ಧಾರವಾಡದ ಕೃಷಿ ವಿಶ್ವವಿದ್ಯಾಲಯದವರೂ ಈ ವಿಷಯದಲ್ಲಿ ಸಲಹೆ ಕೊಡುವರು.

ಊರಿನಲ್ಲಿ ಹತ್ತು ಜನರ ಕಬ್ಬು ಹಳದಿಯಾಗಿದ್ದರೆ ಹಿರಿಯರು ಮುಂದಾಗಿ ಒಬ್ಬರ ಹೊಲದಲ್ಲಿ ದಾರ ಕಟ್ಟಿದ ಎಲೆಯ ಪರೀಕ್ಷೆಯನ್ನು ಮಾಡಿ, ವಾರದ ಮೇಲೆ ಉಳಿದವರನ್ನು ಕರೆದು ತೋರಿಸಲಿ. ಬಾಯಿಂದ ಹೇಳಿದ ನೂರು ಮಾತುಗಳಿಗಿಂತ ಹಸುರಾದ ಒಂದು ಎಲೆಯನ್ನು ಒಕ್ಕಲಿಗನು ಹೆಚ್ಚು ನಂಬುವನು. ಪರೀಕ್ಷಿಸಿ, ಬೇಕಾದಷ್ಟೇ ಕೊಟ್ಟರೆ ಒಂದು ಕಿಲೋ ಅನ್ನಭೇದಿಯಿಂದ ಎಕರೆ ಬೆಳೆಯು ಚೇತರಿಸುವುದು; ಪರೀಕ್ಷಿಸದೆ ಸುರಿದ ಮೈಲುತುತ್ತವು ಮೊಮ್ಮಕ್ಕಳ ಕಾಲದವರೆಗೂ ಮಣ್ಣಿನಲ್ಲಿ ನಿಲ್ಲುವುದು. ಇದನ್ನು ಮನಸ್ಸಿನಲ್ಲಿಟ್ಟು ಎರಡು ಲೋಹಗಳನ್ನೂ ಅವುಗಳ ಗುಣಕ್ಕೆ ತಕ್ಕಂತೆ ಉಪಯೋಗಿಸಿಕೊಳ್ಳಬೇಕೆಂದು ವಾಚಕರಲ್ಲಿ ವಿನಂತಿ.